ಮಾತು ಎತ್ತಿಕೊಡಾಕಿ

ನನ್ನ ಜಾಗ ರಂಗದ ಮ್ಯಾಲಲ್ಲ.
ಎಡಗಡೆ ಪರದೆಯ ಮಡಿಕೆಯೊಳಗ
ಒಂದು ತಗಡಿನ ಕುರ್ಚಿ, ಮೊಬೈಲಿನ ಬೆಳಕು,
ತೊಡಿ ಮ್ಯಾಲ ನಾಟಕದ ವಹಿ.
ಹದಿನಾಕು ಹೆಂಗಸರೊಳಗ ಓದು ಬರೂದು ನನಗಷ್ಟೆ.
ಅದಕ್ಕ ಮಿಲ್ಲಿನ ವಹಿಯೂ ನಂದೇ, ಇದೂ ನಂದೇ.

ಕಟ್ಟಿದ್ದು ನಾನಲ್ಲ. ಅವರು ಹೇಳ್ಯಾರ, ನಾ ಇಳಿಸೀನಿ.
ಮಧ್ಯಾಹ್ನ ರೊಟ್ಟಿ ಬಿಚ್ಚೂ ಹೊತ್ತಿನಾಗ
ತೊಗರಿ ಹೊಟ್ಟಿನ ಧೂಳು ಹುಬ್ಬಿನ ಮ್ಯಾಲ ಹಂಗೇ ಇರ್ತಿತ್ತು.
ಪುತಳಾಬಾಯಿ ಒಂದು ಮಾತು ಅನ್ನೂದು, ಚಾಂದಬಿ ತಿದ್ದೂದು.
"ಏ, ಸೇಟ್ ಹಂಗ ಒದರಂಗಿಲ್ಲ, ಅಂವ ಮೊದಲ ನಗತಾನ"
ಅಂತ ತಾಂಡಾದ ಕಮಲಿಬಾಯಿ.
ನಗೂದು ಹ್ಯಾಂಗ ಬರೀಲಿ ಅಂದ್ರ
ಎಲ್ಲಾರೂ ಒಮ್ಮೆಲೆ ನಕ್ಕು ತೋರಿಸಿದ್ರು.

ಸೇಟ್ ಆದಾಕಿ ಜಗದೇವಿ,
ಮಿಲ್ಲಿನಾಗ ಎಲ್ಲಾರಿಗಿಂತ ಗಿಡ್ಡಾಕಿ.
ಕಾಡಿಗಿ ಮೀಸಿ, ಗಂಡನ ಮದಿವಿ ಕೋಟು.
ಮೂರನೇ ತಾಲೀಮಿನ ದಿನ
ಆಕಿ ಸುಮ್ಮನ ತಿರುಗಿ ನೋಡಿದ್ಳು.
ಪುತಳಾಬಾಯಿ ತನ್ನಷ್ಟಕ್ಕ ತಾನೇ ಎದ್ದು
ಕುರ್ಚಿ ಬಿಟ್ಟುಕೊಟ್ಳು.
"ನಾ ಅದೀನಿ ಯಕ್ಕಾ, ನಾ, ಜಗದೇವಿ!"
ಅಂತ ಆಕಿ ಅಂಗೈಲೆ ಮೀಸಿ ಒರಿಸಿಕೊಂಡ್ಳು,
ಗಲ್ಲದ ತುಂಬ ಕಪ್ಪು.

ಇನ್ನ ವಹಿ ಬರಿಯಾಕಿ ಪಾರ್ಟು ಸುಗಲಾಬಾಯಿದು.
ನನ್ನ ಹಳೇ ಚಾಳೀಸು ಬೇಡಿ ತಗೊಂಡ್ಳು.
ಎಡಗಾಲು ಮಡಚಿ ಕುಂತ್ಳು,
ಪೆನ್ನಿನ ಟೊಪಗಿ ಬಾಯಾಗ ಹಿಡಿದ್ಳು.
ಇದು ಯಾರು ಅಂತ ಒಬ್ಬರೂ ಅನ್ನಲಿಲ್ಲ,
ನಾನೂ ಕೇಳಲಿಲ್ಲ.

ಐತವಾರ. ಕಲಬುರಗಿಯ ಮೇ ತಿಂಗಳು.
ರಂಗಮಂದಿರದ ಫ್ಯಾನುಗಳು ಬಿಸಿಗಾಳಿ ಕಡಿಯಲತ್ತಾವ.
ಗಂಡಸರು ಹಿಂದ ಗ್ವಾಡಿಗಿ ಆತು ನಿಂತಾರ,
ಖುರ್ಚಿ ಖಾಲಿ ಇದ್ದರೂ.
ಸೇಟ್ ಬಂದಿಲ್ಲ, ಐದು ಕ್ಯಾನು ನೀರು ಕಳಿಸ್ಯಾನ,
ಐದರ ಮ್ಯಾಲೂ ಹೆಸರು ಬರೆಸಿ.

ಮೂರನೇ ಪ್ರವೇಶ. ಕಾಟಾದ ಮ್ಯಾಲ ಚೀಲ.
ಸುಗಲಾಬಾಯಿ ಬಾಯಿ ತೆರದ್ಳು, "ತೂಕ..."
ನಿಂತಳು.
ನಲ್ವತ್ತು ಸಲ ಅಂದ ಮಾತು.
ಚಾಳೀಸಿನ ಮ್ಯಾಲಿಂದ ಪರದೆ ಕಡೆ ನೋಡಿದ್ಳು,
ನನ್ನ ಕಡೆ.

ವಹಿಯಾಗ ನನ್ನದೇ ಅಕ್ಷರ:
ತೂಗೇದ ನಲ್ವತ್ತೆರಡು, ಬರೀತೀನಿ ಮೂವತ್ತೆಂಟು.
ಹನ್ನೊಂದು ವರ್ಷ ಇದನ್ನ ಕೈ ಬರದದ,
ಬಾಯಿ ಒಮ್ಮೆಯೂ ಅಂದಿಲ್ಲ.
ಮೊದಲ ಸಲ ಸೇಟ್ ಹೇಳಿದ್ದ, "ಹೊಟ್ಟಿನ ಬಾಬ್ತು ನಾಕು ಮುರಿ."
ಆಮ್ಯಾಲ ಹೇಳೂದು ಬೇಕಾಗಲಿಲ್ಲ.

ಸಣ್ಣಗೆ ಅಂದೆ. ಆಕಿಗಿ ಕೇಳಲಿಲ್ಲ.
ಮತ್ತ ಅಂದೆ.
ಆಕಿ ಕಿವಿಯ ಹತ್ರ ಕೈ ಇಟ್ಟಳು.
ಆಗ ನನ್ನ ದನಿ ಎಲ್ಲಿತ್ತೋ ಏನೋ,
ಪರದೆ ದಾಟಿ, ಖುರ್ಚಿ ದಾಟಿ, ಹಿಂದಿನ ಗ್ವಾಡಿಗಿ ಬಡೀತು:
"ತೂಗೇದ ನಲ್ವತ್ತೆರಡು! ಬರೀತೀನಿ ಮೂವತ್ತೆಂಟು!"

ಕೂಸು ಅಳೂದು ಸುದ್ದಾ ನಿಂತಿತು.
ಸುಗಲಾಬಾಯಿ ಆ ಮಾತು ತಿರುಗಿ ಅನ್ನಲಿಲ್ಲ.
ಚಾಳೀಸು ತಗದು ಸೆರಗಿಲೆ ಒರಿಸಿ
ಮೇಜಿನ ಮ್ಯಾಲ ಇಟ್ಟಳು.
ಖರೇನೇ ಮರತಿದ್ಳೋ, ಮರತಂಗ ಮಾಡಿದ್ಳೋ,
ಇವತ್ತಿಗೂ ಹೇಳವಲ್ಲಳು.

ಸ್ವಾಮಾರ ಸಂಜಿ, ಮಿಲ್ಲು.
ಬೆಳಕಿಲ್ಲ, ಬಣ್ಣಿಲ್ಲ, ಅದೇ ಧೂಳು, ಅದೇ ಸಾಲು.
ಪುತಳಾಬಾಯಿ ಚೀಲ ಇಳಿಸಿದ್ಳು.
ಮುಳ್ಳು ಅಲ್ಲಾಡಿ ಅಲ್ಲಾಡಿ ನಿಂತಿತು.
ನನ್ನ ಕೈಯೂ.
ಹಿಂದಿನಿಂದ, ಉಸರಿನಷ್ಟು ಸಣ್ಣಗೆ,
ನಾ ಎತ್ತಿಕೊಡೂ ಹಂಗೇ, ಮೊದಲ ಚಾಂದಬಿ,
ಆಮ್ಯಾಲ ಕಮಲಿ, ಆಮ್ಯಾಲ ಸಾಲಿಗಿ ಸಾಲೇ:
"ನಲ್ವತ್ತೆರಡು, ಯಕ್ಕಾ."

ಪೆನ್ನಿನ ಟೊಪಗಿ ಬಾಯಿಂದ ತಗದೆ.
೪ ಬರದೆ.
ಸೇಟ್‌ನ ಕೋಲಿ ಬಾಗಿಲು ಕಿರ್ ಅಂತು.
೨ ಬರದೆ.