ಟೋಕನ್ನೋ, ಕಾರ್ಡೋ

ಬೈಯಪ್ಪನಹಳ್ಳಿ, ಎರಡನೇ ಕೌಂಟರು, ಬೆಳಗ್ಗೆ ಎಂಟೂವರೆ.
ಗಾಜಿನ ತೂತಿನಾಚೆ ಒಬ್ಬ ಹುಡುಗಿ,
ಕೊತ್ತನೂರಿನಿಂದ ಬಸ್ಸಲ್ಲಿ ನಿಂತೇ ಬಂದವಳು,
ಹೆಗಲಿಗೆ ಕಾಲೇಜು ಚೀಲ. ಹೆಸರು ನೀಮಾ,
ಊರು ದಾರ್ ಎಸ್ ಸಲಾಮ್.
ಟೋಕನ್ ಸಾಕೋ, ಕಾರ್ಡೇ ತಗೊಳ್ಳಲೋ? ಅಂದಳು.

ಎಲ್ಲರಿಗೂ ಕೇಳೋದನ್ನೇ ಕೇಳಿದೆ:
ಎಷ್ಟು ದಿನ ಇರ್ತೀರಿ?

ಅವಳು ಸುಮ್ಮನಾದಳು.
ಹಿಂದಿನ ಸಾಲು ಕೆಮ್ಮಿತು.
ಯಾರೋ ಮುಷ್ಟಿಯಲ್ಲಿ ಚಿಲ್ಲರೆ ಕುಲುಕಿದರು.

ಇದೇ ಪ್ರಶ್ನೆ ನನಗೂ ಒಮ್ಮೆ ಗಾಜಿನೊಳಗಿಂದ ಬಂದಿತ್ತು,
ದುಬೈಯ ಹೊಲಿಗೆ ಅಂಗಡಿಗೆ
ಕಾಜಾ ಗುಂಡಿ ಹಾಕೋಕೆ ಹೋದ ವರ್ಷ.
ಕೆಂಪು ಕಾಗದದ ಚೀಟಿ ಒಂದು, ಬೆಳ್ಳಿ ಬಣ್ಣದ ಕಾರ್ಡೊಂದು,
ಇನ್ನೊಂದು ನೀಲಿ, ಅದಕ್ಕೆ ಫೋಟೊ, ಹೆಸರು, ಠೀವಿ.
ಬರುವ ತಿಂಗಳು ಹೋಗಿಬಿಡ್ತೀನಿ ಅಂದೆ,
ಕೆಂಪು ಚೀಟಿ ಕೊಂಡೆ.
ಬರುವ ತಿಂಗಳೂ ಅದನ್ನೇ ಅಂದೆ, ಅದನ್ನೇ ಕೊಂಡೆ.
ಹನ್ನೊಂದು ತಿಂಗಳು
ಹೋಗ್ತೀನಿ ಹೋಗ್ತೀನಿ ಅಂತಲೇ ಇದ್ದೆ,
ಕಾರ್ಡಿದ್ದವರಿಗಿಂತ ದಿನವೂ ಒಂದಿಷ್ಟು ಜಾಸ್ತಿ ತೆತ್ತು,
ಮನೆ ನೆನಪಿಗೆ ಸುಂಕ ಕಟ್ಟುವವಳ ಹಾಗೆ.

ಕೊನೆಗೊಂದು ಶುಕ್ರವಾರ ಸೋತೆ.
ಬೆಳ್ಳಿಯದು ತಗೊಂಡೆ, ದುಡ್ಡು ತುಂಬಿಸಿದೆ.
ಹದಿನಾರನೇ ದಿನಕ್ಕೆ ಅಂಗಡಿಗೆ ಬೀಗ ಬಿತ್ತು.

ಅದರಲ್ಲಿನ್ನೂ ಏಳು ದಿರ್ಹಮ್ ಚಿಲ್ಲರೆ ಇದೆ.
ಭಾನುವಾರ ಅಕ್ಕಪಕ್ಕದವರ ರವಿಕೆ ಹೊಲಿಯುವಾಗ
ಅದರ ಅಂಚಿಂದ ಬಟ್ಟೆ ಮೇಲೆ ಗೆರೆ ಒತ್ತುತೀನಿ,
ಸ್ಕೇಲಿಗಿಂತ ನೇರ.

ಇಷ್ಟನ್ನೆಲ್ಲ ಆ ತೂತಿನಲ್ಲಿ ತೂರಿಸೋಕಾಗುತ್ತಾ?
ಹೇಳಿದ್ದು ಇಷ್ಟೇ:
ಟೋಕನ್ನನ್ನ ಇಳಿಯುವಾಗ ಗೇಟೇ ನುಂಗುತ್ತೆ,
ನೀವು ಬಂದಿದ್ದಿರಿ ಅನ್ನೋದಕ್ಕೆ ಕೈಯಲ್ಲಿ ಏನೂ ಉಳಿಯಲ್ಲ.
ಕಾರ್ಡಿಗೆ ಮುಂಚೆ ದುಡ್ಡು ಹಾಕಬೇಕು, ಚೂರು ರಿಯಾಯಿತಿ ಇದೆ,
ಕಳೆದರೆ ಕಳೆದ ಹಾಗೆ.
ಕೊತ್ತನೂರು ಬಸ್ಸಲ್ಲಿ ತೋರಿಸಬೇಡಿ, ಕಂಡಕ್ಟರ್ ನಗ್ತಾರೆ.

ಅವಳೂ ನಕ್ಕಳು. ಆಮೇಲೆ ಬೋರ್ಡಿನ ಕಡೆ ಬೆರಳು ಮಾಡಿ
‘ನಮ್ಮ’ ಅಂದರೇನು ಅಂದಳು.
ನಮ್ಮದು ಅಂತ, ಅಂದೆ.
ನನ್ನನ್ನ ಸೇರಿಸಿಯೋ, ಬಿಟ್ಟೋ?

ಮನೇಲಿ ನಾವು ತೆಲುಗು ಮಾತಾಡೋರು. ಅಲ್ಲಿ ಎರಡಿದೆ:
ಎದುರಿಗಿದ್ದವರನ್ನ ಒಳಗೆ ಕರೆದರೆ ‘ಮನ’,
ಹೊಸಿಲಾಚೆ ನಿಲ್ಲಿಸಿದರೆ ‘ಮಾ’.
ಬಾಯಿ ಬಿಡೋಕೆ ಮುಂಚೆಯೇ ತೀರ್ಮಾನ ಆಗಿರುತ್ತೆ.
ಕನ್ನಡದಲ್ಲಿ ಒಂದೇ.
ಚಿಕ್ಕಂದಿನಲ್ಲಿ ಅದೊಂದು ಕೊರತೆ ಅಂದುಕೊಂಡಿದ್ದೆ,
ಹಲ್ಲು ಬಿದ್ದ ಜಾಗದ ಹಾಗೆ.

ಆ ಪದ ಅದನ್ನ ಹೇಳಲ್ಲಮ್ಮ, ಅಂದೆ.
ನನಗೆ ಬಂದ ಉತ್ತರ ಅದೊಂದೇ.
ಅವಳು ನನ್ನ ಕೊರಳ ಬ್ಯಾಡ್ಜನ್ನ ಕೂಡಿಸಿ ಕೂಡಿಸಿ ಓದಿದಳು,
ಮು-ನಿ-ತಾ-ಯ-ಮ್ಮ.
ಅದೂ ಗುತ್ತಿಗೆಯದು, ಮೂರು ತಿಂಗಳಿಗೊಮ್ಮೆ ಹೊಸದು,
ಫೋಟೊ ಮಾತ್ರ ಹಳೆಯದು.

ಟೋಕನ್ನೇ ತಗೊಂಡಳು. ವಿಜಯನಗರ, ಒಂದು.
ಮಂಗಳವಾರವೂ ಒಂದು.
ದಸರಾ ಮುಗಿದು ದೀಪಾವಳಿ ಬಂತು,
ಈಗ ಸಾಲಿನಲ್ಲೇ ಚಿಲ್ಲರೆ ಎಣಿಸಿಟ್ಟುಕೊಂಡಿರ್ತಾಳೆ,
‘ಒಂದ್ ವಿಜಯ್‌ನಗರ್ ಕೊಡಿ ಅಕ್ಕ’ ಅಂತಾಳೆ
ಥೇಟ್ ಹಲಸೂರಿನವಳ ಹಾಗೆ.
ಕಾರ್ಡು? ಅಂತ ಹುಬ್ಬಲ್ಲೇ ಕೇಳ್ತೀನಿ.
ಬರುವ ತಿಂಗಳು, ಅಂತಾಳೆ.

ನಾನು ನಗಲ್ಲ.
ಬರುವ ತಿಂಗಳು ಅನ್ನೋ ಊರಲ್ಲಿ
ಹನ್ನೊಂದು ತಿಂಗಳು ಬಾಡಿಗೆಗಿದ್ದವಳು ನಾನು.
ದುಂಡನೆಯ ಟೋಕನ್ನು ತೂತಿನಲ್ಲಿ ಜಾರಿಸಿ
ಮುಂದಿನವರು ಬನ್ನಿ, ಅಂತೀನಿ.