ಠರಾವು ಪುಸ್ತಕದಾಗ ಇಲ್ಲದ್ದು

ಕುರ್ಚಿ ಹೊತ್ತಾವ ನಾನು, ಫಕ್ಕೀರಪ್ಪ.
ಪಂಚಾಯ್ತಿಯಿಂದ ಗುಡಿ ತನಕ ನೂರಾ ನಲವತ್ತು ಹೆಜ್ಜಿ.
ರೆಕ್ಸಿನ್ ಹರದೈತಿ, ಒಂದು ಕಾಲು ಗಿಡ್ಡ,
ಅದರ ಕೆಳಗ ಇಡಾಕ ಹಂಚಿನ ಚೂರು ಕಿಸೆದಾಗ.

ನಮ್ಮೂರ ಗ್ರಾಮಸಭಾ ಕಲ್ಮೇಶ್ವರನ ಪೌಳ್ಯಾಗ ಆಗೋದು.
ಮೊದಲಿಂದ ಹಂಗ. ನೆರಳೈತಿ, ಮೈಕ್ ಐತಿ,
ಸುಳ್ಳು ಹೇಳಾಕ ಮಂದಿ ಸ್ವಲ್ಪ ಹೆದರ್ತಾರ.

ಅಧ್ಯಕ್ಷರು ನೀಲಗಂಗವ್ವ ಹೊಸಳ್ಳಿ.
ಎರಡು ವರ್ಷ ಆಕಿ ಕುರ್ಚ್ಯಾಗ ಗಂಡ ಶೇಖಪ್ಪ ಕುಂತಿದ್ದ,
ಆಕಿ ಸಹಿ ಅಷ್ಟ ಮನಿಯಿಂದ ಬರ್ತಿತ್ತು,
ರೊಟ್ಟಿ ಹಿಟ್ಟು ಹತ್ತಿದ ಸಹಿ.
ಹಿಟ್ಟು ಜಾಡಿಸಿ ಸಾಹೇಬರ ಮುಂದ ಇಡತಿದ್ದಾವನೂ ನಾನ.

ಈ ಸಲ ಆಕಿನ ಬಂದ್ಲು. ನೀರಿನ ಘಟಕ ಕೆಟ್ಟು
ಏಳು ತಿಂಗಳಾಗಿತ್ತು.
ಹಲ್ಲು ಹಳದಿ ಆದ ಹುಡುಗೂರನ್ನ
ಸಾಕ್ಷಿಗೆ ಕರಕೊಂಡು ಬಂದಿದ್ಲು.

ಮೆಟ್ಟಲ ಮ್ಯಾಲೆ ದ್ಯಾಮನಗೌಡ್ರು ಕೈ ಅಡ್ಡ ಹಿಡಿದ್ರು.
ಮೆತ್ತಗ, ಮಗಳಿಗೆ ಹೇಳಿದಂಗ ಅಂದ್ರು:
‘ತಂಗೀ, ನೀ ಕಡಿಗಿ ಆಗೀದಿ ಅಂತ ಸುದ್ದಿ. ಇವತ್ತ ಬ್ಯಾಡ.
ಹೆಂಗೂ ದೇವರು ಹೆಣ್ಣಿಗೆ ಒಲಿ ಕೊಟ್ಟಾನ,
ಗಂಡಿಗೆ ಊರು. ಶೇಖಪ್ಪ ಕುಂದರ್ಲಿ.’
ಸುದ್ದಿ ಯಾರ ಬಾಯಿಂದ ಹೊಂಟಿತ್ತೋ.
ಶೇಖಪ್ಪ ನೆಲ ನೋಡ್ತಿದ್ದ.

ಒಳಗ ಗದಿಗಯ್ಯನವರು ಗಂಟಿ ಒರಸಿಕೋತ ನಿಂತಿದ್ರು.
ಆಕಿ ಅವರನ್ನ ಕೇಳಿದ್ಲು:
‘ಅಯ್ನಾರ, ನಾ ಕೂಸಿದ್ದಾಗ ನನಗ ಲಿಂಗ ಕಟ್ಟಿದಾವ್ರು ನಿಮ್ಮಪ್ಪ.
ತಿಂಗಳಿಗೆ ಮೂರು ದಿನ ಬಿಚ್ಚಿ ಗೂಟಕ್ಕ ಹಾಕು ಅಂತ
ಅವರೇನೂ ಹೇಳಿದಂಗಿಲ್ಲ.
ಎದಿ ಮ್ಯಾಲಿದ್ದಾವಗ ನಡೀತದ,
ಗುಡ್ಯಾಗಿದ್ದಾವಗ ಯಾಕ ನಡ್ಯೂದಿಲ್ಲ?’

ಅಯ್ನಾರು ಒರಸಿದ ಗಂಟಿನ ಮತ್ತ ಒರಸಿದ್ರು.
‘ಅದು ಶಾಸ್ತ್ರದ ಮಾತು, ಇದು ಊರ ಮಾತು’ ಅಂದ್ರು ಗೌಡ್ರು.
‘ಊರ ಮಾತಾದ್ರ ಊರಾಗ ಆಡೂಣು’ ಅಂದು
ಆಕಿ ತಿರುಗಿ ನನ್ನ ಕಡೆ ನೋಡಿದ್ಲು.

ಕುರ್ಚಿ ಇನ್ನೂ ನನ್ನ ತಲಿ ಮ್ಯಾಲಿತ್ತು.
ಗೌಡ್ರು ಒಂದು ಮಾತು ಹೇಳಿದ್ದಕ್ಕ ನನಗ ಈ ನೌಕರಿ.
ಧೈರ್ಯ ಗಿರ್ಯ ಏನಿಲ್ಲ,
ಕುತ್ತಿಗಿ ನೋಯಾಕ ಹತ್ತಿತ್ತು. ಎಲ್ಲೆರೆ ಇಳಸಬೇಕಲ್ಲ.

ಕೆಟ್ಟ ಘಟಕದ ಮುಂದ, ಬಿಸಲಾಗ, ಇಳಿಸಿದೆ.
ಹಂಚು ಇಟ್ಟೆ. ಆಕಿ ಕುಂತ್ಲು.
ಕಪ್ಪತಗುಡ್ಡದ ಗಾಳಿ ಠರಾವು ಪುಸ್ತಕದ ಹಾಳಿ ಹಾರಸ್ತಿತ್ತು,
ಹಳದಿ ಹಲ್ಲಿನ ಹುಡುಗ ಒಬ್ಬಾವ
ಅದರ ಮ್ಯಾಲೆ ಎರಡೂ ಕೈ ಇಟ್ಟ.
ಮೊದಲು ಹೆಣ್ಮಕ್ಕಳು ಬಂದ್ರು,
ಆಮ್ಯಾಲೆ ನೆರಳು ಬಿಟ್ಟು ಒಬ್ಬೊಬ್ರ ಗಂಡಸ್ರು.
ಗೌಡ್ರು ಬರಲಿಲ್ಲ.
ಕೋರಂ ಆತು ಅಂದು ಪಿಡಿಒ ಬರಕೊಂಡ್ರು.

ಸಂಜಿಗೆ ಮನಿ. ಹಿತ್ತಲದಾಗ
ದನದ ಗೂಟದ ಮಗ್ಗಲ ಕಾಶವ್ವ ಕುಂತಿದ್ಲು,
ಬ್ಯಾರೆ ತಾಟು, ಬ್ಯಾರೆ ಚರಿಗಿ,
ಇವತ್ತಿಗೆ ಎರಡನೇ ದಿನ.
‘ಸಭಾ ಏನಾತು?’ ಅಲ್ಲಿಂದನ ಕೇಳಿದ್ಲು.
ಎಲ್ಲಾ ಹೇಳಿದೆ. ಲಿಂಗದ ಮಾತು ಎರಡು ಸಲ ಹೇಳಿದೆ.
‘ಚಲೋ ಕೇಳ್ಯಾಳ’ ಅಂದ್ಲು.
ಸ್ವಲ್ಪ ತಡದು, ‘ಅನ್ನ ಸೀದ ವಾಸನಿ ಬರ್ತೈತಿ
ನೋಡ್ರಿ, ನೀವ ಇಟ್ಟದ್ದು.’

ಹಿತ್ತಲ ಬಾಗಲದಾಗ ನಿಂತೆ.
‘ಒಳಗ ಬಂದು ನೀನ ನೋಡು’ ಅನ್ನಾಕ
ನನಗ ಎಷ್ಟೊತ್ತು ಹಿಡೀತು ಅಂತ
ಬರಕೊಳ್ಳಾಕ ಅಲ್ಲಿ ಪಿಡಿಒ ಇರಲಿಲ್ಲ.