ಗೈರ್ ಮುಶ್ಬಾ

ಫಯ್ಯೂಮಿನ ಸರ್ಕಾರಿ ಶಾಲೆ, ಎರಡನೇ ಮಹಡಿ.
ಬ್ರೋಮಿನ್ ನೀರಿನ ಬಾಟಲಿ ವರ್ಷಕ್ಕೆ ಒಂದೇ,
ಹಾಗಾಗಿ ಹನಿ ಎಣಿಸಿ ಕೊಡುತ್ತೇನೆ.

ಕರಿಹಲಗೆಯ ಮೇಲೆ ಎರಡು ಇಂಗಾಲ,
ನಡುವೆ ಎರಡು ಗೆರೆ.
ಎರಡೂ ಒಂದೇ ಅಂದುಕೊಳ್ಳಬೇಡಿ, ಮಕ್ಕಳೇ.
ಮೊದಲನೆಯದು ಎದೆಗೆ ಎದೆ ಕೊಟ್ಟ ಅಪ್ಪುಗೆ,
ಅಷ್ಟು ಸುಲಭಕ್ಕೆ ಬಿಡದು.
ಎರಡನೆಯದು ಮೇಲಿಷ್ಟು ಕೆಳಗಿಷ್ಟು ಹರಡಿದ ಮೋಡ,
ಸಡಿಲ.
ಹೋಗಿಬರುವವರೆಲ್ಲ ಕಣ್ಣು ಹಾಕುವುದು ಅದರ ಮೇಲೇ.
ಆದರೂ ಅದು ಇರುವ ತನಕ
ಮಗ್ಗುಲು ಬದಲಿಸುವಂತಿಲ್ಲ ಯಾರೂ.
ಬ್ಯೂಟೀನ್ ನೋಡಿ:
ಒಂದೇ ಕಡೆ ಕೂತವರು ಕೂತಲ್ಲೇ,
ಎದುರುಬದುರಾದವರು ಹಾಗೇ.
ಅದೇ ಪರಮಾಣು, ಅಷ್ಟೇ ಲೆಕ್ಕ,
ಕುದಿಯುವ ಬಿಸಿ ಮಾತ್ರ ಬೇರೆ.

ಹತ್ತಿಬೀಜದ ಎಣ್ಣೆಗೆ ನಾಲ್ಕು ಹನಿ ಹಾಕಿ
ಕುಲುಕಿದೆ, ಕುಲುಕಿದೆ.
ಕಂದು ಬಣ್ಣ ಹೋಯಿತು, ಯಾರೋ ನುಂಗಿದ ಹಾಗೆ.
ಇಂಥದಕ್ಕೆ ನಮ್ಮ ಅರಬ್ಬಿಯಲ್ಲಿ ಗೈರ್ ಮುಶ್ಬಾ ಅನ್ನುತ್ತಾರೆ.
ಹೊಟ್ಟೆ ತುಂಬಿಲ್ಲ ಅಂತ,
ಇನ್ನೂ ಇಬ್ಬರಿಗೆ ಜಾಗವಿದೆ ಅಂತ.

ಆಗ ಬಂದ ವಗ್ದಿ, ನಲವತ್ತು ನಿಮಿಷ ತಡವಾಗಿ.
ಹಾಜರಿಯಲ್ಲಿ ಆಗಲೇ ಗೈರು ಬರೆದಿದ್ದೆ.
ಬೆರಳ ತುಂಬ ಒಣಗಿದ ಹಾಲು,
ಜೇಬಲ್ಲಿ ಮೊಂಡು ಚಾಕು.
"ಎಲ್ಲಿ ಹಾಳಾಗಿ ಹೋಗಿದ್ದೆ?"
"ಗುಮ್ಮೇಜ್ ಮರದಲ್ಲಿದ್ದೆ, ಅಬ್ಲಾ ಇನ್‌ಶಿರಾಹ್.
ತಫೀದಾ ಅಜ್ಜಿಗೆ ಈಗ ಹತ್ತಲಾಗುವುದಿಲ್ಲ.
ಇವತ್ತು ಗೀರದಿದ್ದರೆ ಗುರುವಾರದ ಸಂತೆಗೆ ಹಣ್ಣಿಲ್ಲ."
"ಗೀರುವುದು ಯಾಕೆ?"
ಹುಡುಗ ನನ್ನನ್ನು ನೋಡಿದ ಪರಿಗೆ
ನಾನೇ ತಡವಾಗಿ ಬಂದವಳಂತಾದೆ.
"ಗೀರದೆ ಹಣ್ಣಾಗುವುದಿಲ್ಲವಲ್ಲ.
ಗಾಯವಾದರೆ ನಾಲ್ಕನೇ ದಿನಕ್ಕೆ
ಉಬ್ಬಿ, ಕೆಂಪಾಗಿ, ಸಿಹಿಯಾಗುತ್ತದೆ.
ಯಾಕೆ ಅಂತ ಅಜ್ಜಿಯನ್ನು ಯಾರೂ ಕೇಳಿಲ್ಲ."

ಹಲಗೆಯ ಕಡೆ ತಿರುಗಿದೆ.
ಎರಡು ಇಂಗಾಲ, ನಾಲ್ಕು ಜಲಜನಕ, ಎರಡು ಗೆರೆ:
ಗಾಯಗೊಂಡ ಕಾಯಿ ಬಿಡುವ ಉಸಿರು ಇದೇ.
ಹದಿನೇಳು ವರ್ಷ ಬರೆದು ಅಳಿಸಿದ್ದೇನೆ,
ಒಮ್ಮೆಯೂ ಮರ ನೆನಪಾಗಿರಲಿಲ್ಲ.
ಪ್ಲಾಸ್ಟಿಕ್ ಚೀಲ ಅಂದಿದ್ದೆ, ಕೊಳವೆ ಅಂದಿದ್ದೆ,
ಸಾವಿರ ಈಥೀನ್ ಕೈಕೈ ಹಿಡಿದ ಸರಪಳಿ ಅಂದಿದ್ದೆ.

ಅವನ ಜೇಬಿನ ಗೀರಿದ ಕಾಯನ್ನು ಮೂಸಿದೆ.
ಏನೂ ತಿಳಿಯಲಿಲ್ಲ. ಹಾಲಿನ ಒಗರು, ಅಷ್ಟೇ.
ಮೇಜಿನ ಖಾನೆಯಲ್ಲಿ ಮೂರು ಹಸಿರು ಟೊಮೆಟೊ ಜೊತೆ ಇಟ್ಟು
ಬೀಗ ಹಾಕಿದೆ.
ಭಾನುವಾರ ತೆಗೆದರೆ ಎರಡು ಕೆಂಪಾಗಿದ್ದವು.
ಮೂರನೆಯದು ಯಾಕೋ ಮೊಂಡು, ಹಸಿರು ಬಿಟ್ಟಿರಲಿಲ್ಲ.

ಪರೀಕ್ಷೆಯಲ್ಲಿ ಕೇಳಿದ್ದೆ:
ಈಥೀನಿಗೆ ಬ್ರೋಮಿನ್ ಸೇರಿದರೆ ಏನಾಗುತ್ತದೆ, ಸಮೀಕರಣ ಬರೆಯಿರಿ.
ವಗ್ದಿ ಬರೆದದ್ದು ಒಂದೇ ಸಾಲು:
ಬಣ್ಣ ಹೋಗುತ್ತದೆ, ಅದರ ಹಸಿವೂ ಹೋಗುತ್ತದೆ,
ಆಮೇಲೆ ಅದು ಯಾವ ಕಾಯನ್ನೂ ಹಣ್ಣು ಮಾಡುವುದಿಲ್ಲ.

ಸಮೀಕರಣ ಇಲ್ಲ. ಅರ್ಧ ಅಂಕ ಕೊಟ್ಟೆ.
ಕೆಂಪು ಪೆನ್ನು ಎತ್ತಿ ಹಿಡಿದೇ
ಬಹಳ ಹೊತ್ತು ಕೂತಿದ್ದೆ.